ತಂಬಿಟ್ಟು: ತಿನಿಸೋ, ದೀಪವೋ?

ನಮ್ಮ ಪಾಕಗ್ರಂಥಗಳನ್ನು ಓದುವಾಗಲೆಲ್ಲ ಒಂದು ಕೊರತೆ ನನ್ನನ್ನು ಕಾಡುತ್ತದೆ. 16ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನ 'ಸೂಪಶಾಸ್ತ್ರ'ವನ್ನೇ ನೋಡಿ. ಭಕ್ಷ್ಯಗಳನ್ನು ಷಟ್ಪದಿಯಲ್ಲಿ ಬಣ್ಣಿಸಿದ ಆ ಕವಿಯ ನಾಲಗೆ ಬಹು ಸೂಕ್ಷ್ಮವಾದುದು. ಬೆರೆಸುವ ವಸ್ತು, ಬೇಯಿಸುವ ಬಗೆ, ಬರುವ ರುಚಿ ಎಲ್ಲವನ್ನೂ ಹೇಳುತ್ತಾನೆ. ಆದರೆ ಯಾವ ದಿನ, ಯಾರಿಗಾಗಿ ಮಾಡಬೇಕೆಂಬುದು ಆತನ ಮುಖ್ಯ ಕಾಳಜಿಯಲ್ಲ.

ಇಂಥ ವರ್ಣನೆಯ ಹಿಡಿತಕ್ಕೆ ಸಿಕ್ಕದ ಸಿಹಿಯೊಂದು ನಮ್ಮ ತುಮಕೂರು ಸೀಮೆಯಲ್ಲಿದೆ; ಅದು ತಂಬಿಟ್ಟು. ಅಕ್ಕಿಹಿಟ್ಟು, ಬೆಲ್ಲ, ಅನುಕೂಲವಿದ್ದರೆ ಹುರಿಗಡಲೆ, ಕೊಬ್ಬರಿ, ಎಳ್ಳು. ಪಾಕಶಾಸ್ತ್ರಕ್ಕೆ ಇದರಲ್ಲಿ ಹೆಚ್ಚಿನ ಕೆಲಸವಿಲ್ಲ. ಆದರೆ ಪಾವಗಡದ ತಿರುಮಣಿಯ ಕಡೆ, ಕನ್ನಡ ತೆಲುಗುಗಳೆರಡೂ ಒಂದೇ ಬೀದಿಯಲ್ಲಿ ಕೇಳಿಬರುವ ಆ ಗಡಿಯಲ್ಲಿ, ಗ್ರಾಮದೇವತೆಯ ಹಬ್ಬದಂದು ನಿಂತು ನೋಡಬೇಕು. ಹೆಂಗಸರು ಮಡಿಯಿಂದ ಕಟ್ಟಿದ ತಂಬಿಟ್ಟಿನ ನೆತ್ತಿಯಲ್ಲಿ ಗುಳಿ ಮಾಡಿ, ತುಪ್ಪದ ಬತ್ತಿ ಹಚ್ಚಿ, ಸುತ್ತ ಹೂ ಮುಡಿಸಿ, ತಟ್ಟೆಯನ್ನು ತಲೆಯ ಮೇಲೆ ಹೊತ್ತು ನಡೆಯುತ್ತಾರೆ. ಅಮ್ಮನಿಗೆ ಬೆಳಗಿದ ಮೇಲೆಯೇ ಅದು ತಿನಿಸು. ಮೊದಲು ದೀಪ, ಆಮೇಲೆ ಪ್ರಸಾದ.

ಇಂದು ತಂಬಿಟ್ಟು ನಗರದ ಅಂಗಡಿಗಳಲ್ಲಿ ಪೊಟ್ಟಣದಲ್ಲಿ ದೊರೆಯುತ್ತದೆ. ರುಚಿಗೆ ಕುಂದಿಲ್ಲ, ನಾನೂ ಕೊಂಡು ತಿಂದವನೇ. ಆದರೆ ಅದರ ನೆತ್ತಿಯಲ್ಲಿ ಗುಳಿಯಿರುವುದಿಲ್ಲ. ತಿಂಡಿಗಳನ್ನು ಕುರಿತು ಬರೆಯುವ ನಮ್ಮವರೂ ಅಳತೆಗಳನ್ನಷ್ಟೇ ಕೊಟ್ಟು ಆ ಗುಳಿಯನ್ನು ಮರೆಯುತ್ತಿದ್ದಾರೆ. ಮಂಗರಸ ಕಲ್ಲಹಳ್ಳಿಯ ಪ್ರಭು. ಹಳ್ಳಿಯ ಹಬ್ಬವನ್ನು ಬರೆಯಲಿಲ್ಲವೆಂದು ಅವನನ್ನು ದೂರಲಾರೆ. ಆ ಹಬ್ಬದ ಪ್ರಸಾದ ತಿಂದು ಬೆಳೆದ ನಾವು ಏನು ನೆಪ ಹೇಳೋಣ? ಬೆಲ್ಲದ ತೂಕ ಬರೆಯುವವರು, ಯಾವ ಊರಿನ ಯಾವ ಹಬ್ಬಕ್ಕೆ ಯಾರು ಅದನ್ನು ಹೊತ್ತು ನಡೆದರೆಂಬುದನ್ನೂ ಜೊತೆಗೇ ಬರೆದಿಡಲಿ.