ಶೇ. 36.8ರ ಮೋಹ

ಆರ್‌ಎಫ್‌ಐಡಿ ಟ್ಯಾಗ್ ಓದುವ ಕ್ರಮಾವಳಿಗಳ ಚರ್ಚೆಯಲ್ಲಿ ಶೇ. 36.8 ಎಂಬ ಅಂಕಿಗೆ ಸಿಕ್ಕಿರುವ ಮರ್ಯಾದೆ ಅತಿಯಾಯಿತು. ಪ್ರತಿ ಟ್ಯಾಗ್ ಸ್ಲಾಟ್ ಎಂಬ ಕಿರು ಕಾಲಖಂಡವೊಂದನ್ನು ಕುರುಡಾಗಿ ಆರಿಸಿ ಉತ್ತರಿಸುವ ಅಲೋಹಾ ಪದ್ಧತಿಯಲ್ಲಿ ಟ್ಯಾಗ್‌ಗಳು ಬಹಳವಿದ್ದು ಅಷ್ಟೇ ಸ್ಲಾಟ್‌ಗಳಿದ್ದರೆ, ಅಷ್ಟು ಪಾಲು ಸ್ಲಾಟ್‌ಗಳಲ್ಲಿ ಒಂದೇ ಟ್ಯಾಗ್ ಉತ್ತರಿಸುತ್ತದೆ. 2004ರ ಜೆನ್-2 ಮಾನಕದ ಸ್ಲಾಟ್ ಸಂಖ್ಯೆ ಹೊಂದಿಸುತ್ತ ಹೋಗುವ ಕ್ಯೂ ಕ್ರಮಾವಳಿ ಆ ಎಲ್ಲೆಯ ಹತ್ತಿರ ಹೋಗುತ್ತದೆ, ನಿಜ. ಆದರೆ ಅದು ನಿಂತ ರೀಡರ್‌ನ ಲೆಕ್ಕ.

ರೀಡರ್ ಹಿಡಿದು ಬಟ್ಟೆ ಅಂಗಡಿಯ ಸ್ಟಾಕ್ ಎಣಿಸುವವರು ಸೆಕೆಂಡಿಗೆ 1 ಮೀಟರ್ ನಡೆದರೆ, 3 ಮೀಟರ್ ಓದುವಲಯದಲ್ಲಿ ಒಂದು ಟ್ಯಾಗ್‌ಗೆ ಸಿಗುವುದು 3 ಸೆಕೆಂಡು. ಇಲ್ಲಿ ಕೇಳಬೇಕಾದದ್ದು ಎಷ್ಟು ಸ್ಲಾಟ್ ಫಲಿಸಿತು ಎಂದಲ್ಲ, ಎಷ್ಟು ಟ್ಯಾಗ್ ಓದಿಸಿಕೊಳ್ಳದೆ ಹಿಂದುಳಿಯಿತು ಎಂದು.

ಉತ್ತರವಿರುವುದು ಅದೇ ಮಾನಕದ ಎಣಿಕೆಯ ಗುರುತು ಎಷ್ಟು ಹೊತ್ತು ಉಳಿಯಬೇಕೆಂದು ಹೇಳುವ ಸೆಷನ್ ಭಾಗದಲ್ಲಿ. ಅದನ್ನು ಓದುವವರೇ ಕಡಿಮೆ. ಎಣಿಸಿಕೊಂಡ ಟ್ಯಾಗ್ ತನ್ನ ಗುರುತನ್ನು ಎ ಯಿಂದ ಬಿ ಗೆ ಬದಲಿಸಿ ಸುಮ್ಮನಾಗುತ್ತದೆ. ಎಸ್0 ಸೆಷನ್‌ನಲ್ಲಿ ರೀಡರ್ ಅಲೆಗಳಿಂದ ಸಿಗುವ ವಿದ್ಯುತ್ ಕ್ಷಣ ತಪ್ಪಿದರೂ ಅದು ಎ ಗೆ ಮರಳುತ್ತದೆ. ನಡೆಯುವ ರೀಡರ್‌ನ ಅಲೆಗಳು ಗೋಡೆ, ರ್‍ಯಾಕ್‌ಗಳಿಗೆ ಬಡಿದು ಅಲ್ಲಲ್ಲಿ ಕ್ಷೀಣಿಸುವುದರಿಂದ ಇದು ಪದೇ ಪದೇ ಆಗುತ್ತದೆ. ಓದಿದ್ದನ್ನೇ ಓದಿ ಸ್ಲಾಟ್ ಹಾಳು. ಎಸ್2ನಲ್ಲಿ ವಿದ್ಯುತ್ ಹೋದ ಮೇಲೂ ಕನಿಷ್ಠ 2 ಸೆಕೆಂಡು ಬಿ ಉಳಿಯುತ್ತದೆ. ಸ್ಪರ್ಧೆಗೆ ಬರುವವು ಬಹುಪಾಲು ಹೊಸವೇ.

ಒಂದು ಅಪಾಯವಿದೆ. ಟ್ಯಾಗ್ ಗುರುತು ಬದಲಿಸುವುದು ರೀಡರ್ ಸರಿಯಾಗಿ ಓದಿದಾಗ ಅಲ್ಲ, ಉತ್ತರ ಕಳಿಸಿದ ಮೇಲೆ ಮುಂದಿನ ಸ್ಲಾಟ್‌ನ ಕರೆ ಕೇಳಿದಾಗ. ಉತ್ತರ ದಾರಿಯಲ್ಲಿ ಕೆಟ್ಟಿದ್ದರೆ ರೀಡರ್ ಮತ್ತೆ ಕೇಳಬೇಕು, ಇಲ್ಲವೇ ನ್ಯಾಕ್ ಆಜ್ಞೆ ಕಳಿಸಿ ಟ್ಯಾಗನ್ನು ಎ ಯಲ್ಲೇ ಉಳಿಸಬೇಕು. ಎರಡನ್ನೂ ಮಾಡದೆ ಮುಂದಿನ ಸ್ಲಾಟ್‌ಗೆ ಹಾರಿದರೆ ಓದದ ಟ್ಯಾಗ್ ಓದಿಸಿಕೊಂಡಂತೆ ಮೌನವಾಗುತ್ತದೆ. ಎಸ್0ನಲ್ಲಿ ಅದು ಬೇಗ ಮರಳೀತು. ಎಸ್2ನಲ್ಲಿ ಅದು ಮರಳುವಷ್ಟರಲ್ಲಿ ರೀಡರ್ ದಾಟಿ ಹೋಗಿರುತ್ತದೆ. ವಲಯದ ಅಂಚಿನ ದುರ್ಬಲ ಉತ್ತರಗಳಿಗೆ ಹೀಗಾಗುವ ಸಂಭವ ಹೆಚ್ಚು.

ಟ್ಯಾಗ್ ಸಂಖ್ಯೆಯ ಅಂದಾಜನ್ನು ಹರಿತಗೊಳಿಸಿದರೆ ಸಾಕು ಎನ್ನುವ ಪಂಡಿತರೊಡನೆ ನನ್ನ ಜಗಳ ಇಲ್ಲೇ. ಅವರು ಹಿಂದಿನ ಸುತ್ತಿನ ಗುಂಪನ್ನು ಅಳೆಯುತ್ತಾರೆ. ಅಷ್ಟರಲ್ಲಿ ಗುಂಪೇ ಬೇರೆಯಾಗಿರುತ್ತದೆ. ಡಿಕ್ಕಿಯಾದ ಟ್ಯಾಗ್‌ಗಳನ್ನು ಕವಲಾಗಿ ಒಡೆಯುತ್ತ ಹೋಗುವ ವೃಕ್ಷ ಕ್ರಮಾವಳಿಗಳ ಪಕ್ಷದವರೂ ಗುಂಪು ಕದಲದೆ ನಿಂತಿರುತ್ತದೆಂದೇ ನಂಬಿದ್ದಾರೆ. ಪ್ರಸರಣ ಶಕ್ತಿ ಹೆಚ್ಚಿಸಿ ಎನ್ನುವವರಿಗೆ ಕಾನೂನಿನ ಮಿತಿ ಅಡ್ಡ ಬರುತ್ತದೆ.

ರೀಡರ್ ಕೊಳ್ಳುವವರು ಸೆಕೆಂಡಿಗೆ ಎಷ್ಟು ಓದು ಎಂದು ಕೇಳುವ ಮೊದಲು, ಉತ್ತರ ಕೆಟ್ಟಾಗ ಅದು ನ್ಯಾಕ್ ಕಳಿಸುತ್ತದೆಯೇ ಎಂದು ಕೇಳಲಿ.