ರಾಜೀನಾಮೆಯೂ ರೇಖೆಯೂ

ಕಳೆದ ಭಾನುವಾರ ಮಾಕಳಿಯ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಕಂಕುಳಲ್ಲಿ ಚಿತ್ರಗಳ ಕಟ್ಟು. ದೊಡ್ಡ ಕಂಪನಿಯೊಂದರಲ್ಲಿ 11 ವರ್ಷದ ನೌಕರಿ, ಕೈತುಂಬ ಸಂಬಳ. ಅದನ್ನು ಬಿಟ್ಟು ಇನ್ನು ಮುಂದೆ ಕಾಡಿನ ಪ್ರಾಣಿಪಕ್ಷಿಗಳ ಚಿತ್ರ ಬರೆಯುವುದನ್ನೇ ಕಸುಬು ಮಾಡಿಕೊಳ್ಳುತ್ತಾನಂತೆ. ಇದರಲ್ಲಿ ಕನ್ನಡ ಮೇಷ್ಟರನ್ನು ಕೇಳುವುದೇನಿದೆ ಎಂದರೆ, “ಈ ಹುಚ್ಚು ಹಿಡಿಸಿದವರೇ ನೀವು, ಮೇಷ್ಟ್ರೆ” ಎಂದ. ‘ಕರ್ವಾಲೊ’ ಪಾಠ ಮಾಡುವಾಗ, ತೇಜಸ್ವಿಯವರು ಕನ್ನಡ ಎಂ.ಎ. ಮಾಡಿಯೂ ಕಾಲೇಜಿನ ಕುರ್ಚಿ ಹಿಡಿಯದೆ ಮೂಡಿಗೆರೆಯ ಕಡೆಗೆ ಹೊರಟುಬಿಟ್ಟ ಕಥೆಯನ್ನು ನಾನು ಬಹಳ ರಸವತ್ತಾಗಿ ಹೇಳಿದ್ದೆನಂತೆ. ಹೇಳಿರಬಹುದು. ಅದೇ ಎಂ.ಎ. ಮಾಡಿ ಅದೇ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತವನಿಗೆ ಅಂಥ ಕಥೆ ಹೇಳುವುದು ಸುಲಭ.

ಆದ್ದರಿಂದ ಈ ಮಾತು ಅವನಿಗೆ ಎಷ್ಟೋ ನನಗೂ ಅಷ್ಟೇ.

ಇಂಥ ಸುದ್ದಿಗಳನ್ನು ನಾವು ಓದುವ ರೀತಿಯೇ ಈಚೆಗೆ ಕೆಟ್ಟಿದೆ. ಬಿಟ್ಟ ಹುದ್ದೆ ಯಾವುದು, ಬಿಟ್ಟ ಸಂಬಳವೆಷ್ಟು ಎಂಬುದು ಮೊದಲ ಸಾಲಿನಲ್ಲಿರುತ್ತದೆ. ಬರೆದ ಚಿತ್ರ ಹೇಗಿದೆ ಎಂಬುದು ಕೊನೆಯ ಸಾಲಿನಲ್ಲೂ ಇರುವುದಿಲ್ಲ. ತ್ಯಾಗದ ಕಥೆ ನಮಗೆ ಪ್ರಿಯ. ಆದರೆ ರಾಜೀನಾಮೆಯ ಪತ್ರ ಎಷ್ಟೇ ಸೊಗಸಾಗಿದ್ದರೂ ಅದು ಕಲಾಕೃತಿಯಲ್ಲ. ವಿಮರ್ಶಕನ ಮುಂದಿರುವುದು ಚಿತ್ರವೊಂದೇ.

1980ರಲ್ಲಿ ಬಂದ ‘ಕರ್ವಾಲೊ’ವನ್ನು ಈ ದೃಷ್ಟಿಯಿಂದ ಮತ್ತೆ ತೆರೆದು ನೋಡಿದೆ. ಹಾರುವ ಓತಿಯನ್ನು ಕಂಡ ಕಣ್ಣು ಮಂದಣ್ಣನದು. ಅವನು ಯಾವ ನೌಕರಿಯನ್ನೂ ಬಿಟ್ಟವನಲ್ಲ. ಬಿಡುವುದಕ್ಕೆ ಅವನಿಗೆ ನೌಕರಿ ಎಲ್ಲಿತ್ತು? ಊರವರ ಲೆಕ್ಕಕ್ಕೆ ದಡ್ಡನಾದ ಅವನಲ್ಲಿ ವಿಜ್ಞಾನಿ ಕರ್ವಾಲೊ ಗುರುತಿಸಿದ್ದು ತ್ಯಾಗವನ್ನಲ್ಲ, ನೋಟವನ್ನು. ‘ಹಕ್ಕಿ ಪುಕ್ಕ’ದ ಕರ್ತೃವಾಗಿ ತೇಜಸ್ವಿಯವರನ್ನು ಮೆಚ್ಚಬೇಕಾದದ್ದೂ ಇದೇ ಕಾರಣಕ್ಕೆ. ಕ್ಯಾಮೆರಾ ಹಿಡಿದು ಹಕ್ಕಿಗಾಗಿ ಕಾದ ಗಂಟೆಗಳು ಅವರ ಗದ್ಯದೊಳಗೂ ಇಳಿದಿವೆ. ಅಂದಹಾಗೆ, ಆ ಗಂಟೆಗಳ ಖರ್ಚನ್ನು ಹಕ್ಕಿಗಳು ಕೊಡಲಿಲ್ಲ. ಅದರ ಹಿಂದೆ ಕಾಫಿ ತೋಟವಿತ್ತು. ಪಾಠ ಹೇಳುವಾಗ ನಾನು ಕಾಫಿಯ ವಿಷಯ ಬಿಟ್ಟಿದ್ದೆ.

ಇನ್ನೊಬ್ಬನಿದ್ದಾನೆ, ಅಮೆರಿಕದ ಆಡುಬನ್. ವ್ಯಾಪಾರದಲ್ಲಿ ಮುಳುಗಿ 1819ರಲ್ಲಿ ದಿವಾಳಿಯೆದ್ದವನು. ಸಾಲಕ್ಕಾಗಿ ಜೈಲನ್ನೂ ಕಂಡ. ಮರುವರ್ಷ ತನ್ನ ದೇಶದ ಹಕ್ಕಿಗಳನ್ನೆಲ್ಲ ಬರೆಯುತ್ತೇನೆಂದು ಹೊರಟ. 1827ರಿಂದ 1838ರವರೆಗೆ ಅವನ 435 ಚಿತ್ರಫಲಕಗಳು ಲಂಡನ್ನಿನಲ್ಲಿ ಅಚ್ಚಾಗಿ ಹೊರಬಂದವು. ಪ್ರತಿ ಹಕ್ಕಿಯೂ ನಿಜವಾದ ಅಳತೆಯಲ್ಲೇ ಇರಬೇಕೆಂಬುದು ಅವನ ಹಟ. ಅದಕ್ಕಾಗಿ ಮೂರಡಿಗೂ ಮೀರಿದ ಹಾಳೆ. ಅದೂ ಸಾಲದಾದಾಗ ಏನು ಮಾಡಿದ ನೋಡಿ. ಫ್ಲೆಮಿಂಗೊ ಎಂಬ ನೀಳ ಕತ್ತಿನ ಹಕ್ಕಿ ಹಾಳೆಗೆ ಹಿಡಿಸುವುದಿಲ್ಲ. ಅದರ ಕತ್ತನ್ನು ಕೆಳಕ್ಕೆ ಬಾಗಿಸಿ, ನೀರಿನ ಕಡೆ ತಲೆ ಚಾಚಿದಂತೆ ಬರೆದ. ಕಾಗದದ ಕೊರತೆ ಹಕ್ಕಿಯ ಹಸಿವಾಗಿಬಿಟ್ಟಿತು! ಕೊಂದ ಹಕ್ಕಿಗಳನ್ನು ತಂತಿಯಿಂದ ನಿಲ್ಲಿಸಿ ಬರೆಯುತ್ತಿದ್ದನೆಂಬುದು ಮನಸ್ಸಿಗೆ ಹಿತವಾದ ಸಂಗತಿಯಲ್ಲ; ಕೆಲವು ಫಲಕಗಳಲ್ಲಿ ಆ ತಂತಿಯ ಬಿಗಿತ ಕಾಣುತ್ತದೆಂದೇ ನನಗೆ ತೋರುತ್ತದೆ. ಆದರೆ ಆ ಬಾಗಿದ ಕತ್ತನ್ನು, ಹಕ್ಕಿ ಮೇಯುವುದನ್ನು ಕಂಡವನೇ ಬರೆಯಬಲ್ಲ. ಅಷ್ಟು ವರ್ಷ ಮನೆ ನಡೆದದ್ದು ಹೇಗೆ? ಹೆಂಡತಿ ಲೂಸಿ ಮಕ್ಕಳಿಗೆ ಪಾಠ ಹೇಳಿ ಸಂಸಾರ ಸಾಕಿದಳು. ಪುಸ್ತಕದ ಮೇಲಿರುವುದು ಅವನ ಹೆಸರೊಂದೇ.

ಕೆನಡಾದ ರಾಬರ್ಟ್ ಬೇಟ್‌ಮನ್ ಇನ್ನೂ ಸಾವಧಾನಿ. ಸುಮಾರು 20 ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಲೇ ಬರೆದು, 1976ರಲ್ಲಿ ಪೂರ್ಣಾವಧಿಯ ಚಿತ್ರಕಾರನಾದ. ಹುಟ್ಟಿದ್ದು 1930ರಲ್ಲಿ. ಹೆಚ್ಚುಕಡಿಮೆ ಈಗಿನ ನನ್ನ ವಯಸ್ಸು. (ಈ ಲೆಕ್ಕ ಹಾಕಿದ ರಾತ್ರಿ ನನಗೆ ನಿದ್ದೆ ತಡವಾಗಿ ಬಂತು.)

ಹುಡುಗನ ಕಟ್ಟಿನಲ್ಲಿ ಮೇಲಿದ್ದದ್ದು ಹುಲಿ. ಮೈಯ ಒಂದೊಂದು ಕೂದಲನ್ನೂ ಎಣಿಸಿ ಇಟ್ಟಂತಿತ್ತು. ಮನೆಯವರೆಲ್ಲ ಹೌಹಾರಿದರು. ನನಗೆ ಹಿಡಿಸಲಿಲ್ಲ. ಹುಲಿಯ ಭಾರ ನೆಲಕ್ಕೆ ಇಳಿದಿರಲಿಲ್ಲ. ಪಂಜಗಳು ಹುಲ್ಲಿನ ಮೇಲೆ ಅಂಟಿಸಿದಂತಿದ್ದವು. ಯಾರೋ ತೆಗೆದ ಫೋಟೋ ನೋಡಿ ಬರೆದದ್ದೆಂದು ಅವನೇ ಒಪ್ಪಿದ. ಕೈ ಪಳಗಿತ್ತು, ಕಣ್ಣು ಮಾತ್ರ ಬೇರೆಯವರದು.

ಕಟ್ಟಿನ ಅಡಿಯಲ್ಲಿ, ತೋರಿಸಲು ತಂದದ್ದಲ್ಲ, ಸಿಕ್ಕಿಕೊಂಡು ಬಂದ ಹಾಳೆಯೊಂದಿತ್ತು. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಕೂತು ಸೀಸದ ಕಡ್ಡಿಯಿಂದ ಗೀಚಿದ ಟಿಟ್ಟಿಭ. ಕಾಲನ್ನು ಐದು ಸಲ ಅಳಿಸಿ ಬರೆದಿದ್ದಾನೆ, ಐದನೆಯದೂ ಸರಿಯಾಗಿಲ್ಲ. ಆದರೆ ಆ ಹಕ್ಕಿ ಒಂದು ಹೆಜ್ಜೆ ಇಟ್ಟು, ನಿಂತು, ನಮ್ಮನ್ನು ಅನುಮಾನದಿಂದ ನೋಡುತ್ತಿದೆ. ನಾವು ಅಲುಗಿದರೆ ಕೂಗಿ ಹಾರುತ್ತದೆ. ಹುಲಿಗಿಂತ ಇದು ದೊಡ್ಡ ಚಿತ್ರ.

“ಹುಲಿ ಮಾರಾಟವಾಗುತ್ತದೆ, ಮೇಷ್ಟ್ರೆ. ಇದನ್ನು ಯಾರು ಕೊಳ್ಳುತ್ತಾರೆ?” ಎಂದ. ನ್ಯಾಯವಾದ ಪ್ರಶ್ನೆ. ಫೋಟೋ ನೋಡಿ ಹುಲಿ ಬರೆಯುವುದಾದರೆ ಅದನ್ನು ರಾತ್ರಿ ಮನೆಯಲ್ಲೇ ಬರೆಯಬಹುದು, ನೌಕರಿ ಬಿಡಬೇಕಾಗಿಲ್ಲ. ಟಿಟ್ಟಿಭದ ಆರನೆಯ ಕಾಲಿಗಾದರೆ ಬೆಳಗಿನ ಹೊತ್ತು ಬೇಕು, ವರ್ಷಗಟ್ಟಲೆ ಬೇಕು. ಅದಕ್ಕಾಗಿ ಬಿಡುವುದಾದರೆ ಬಿಡು ಎಂದೆ.

ಕಾಫಿ ಬಂತು. ಕುಡಿಯುತ್ತ, ಹೆಂಡತಿಗೆ ಹೇಳಿದ್ದೀಯಾ ಎಂದು ಕೇಳಿದೆ. ಆಕೆಯೂ ಕೆಲಸದಲ್ಲಿದ್ದಾಳೆ.

“ಇಲ್ಲ ಮೇಷ್ಟ್ರೆ, ಮೊದಲು ನಿಮ್ಮನ್ನು ಕೇಳೋಣವೆಂದು ಬಂದೆ.”

ಹಾಳೆಯನ್ನು ಮಡಿಸದೆ ಅವನ ಕೈಗಿತ್ತು, ಇದನ್ನು ಆಕೆಗೆ ತೋರಿಸೆಂದು ಹೇಳಿ ಕಳಿಸಿದೆ.