ಅಗಸ್ಟಿನರು ಹೇಳದ ಮಾತು

ಸಭೆಗಳ ಐಕ್ಯವನ್ನು ಕುರಿತು ವಿದ್ಯಾರ್ಥಿಗಳು ಬರೆದೊಪ್ಪಿಸುವ ಪ್ರಬಂಧಗಳಲ್ಲಿ ಒಂದು ಸೂತ್ರ ನಮಗೆ ವರ್ಷವರ್ಷವೂ ಎದುರಾಗುತ್ತದೆ. ವಿಶ್ವಾಸದ ಮೂಲಾಂಶಗಳಲ್ಲಿ ನಾವು ಒಂದಾಗಿರಬೇಕು, ಉಳಿದವುಗಳಲ್ಲಿ ಒಬ್ಬರಿಗೊಬ್ಬರು ಸ್ವಾತಂತ್ರ್ಯ ಕೊಡಬೇಕು, ಪ್ರೀತಿಯನ್ನಂತೂ ಎಲ್ಲಿಯೂ ಕೈಬಿಡಬಾರದು ಎಂಬುದು ಅದರ ಭಾವ. ‘ಸಂತ ಅಗಸ್ಟಿನರು ಹೇಳಿರುವಂತೆ’ ಎಂಬ ಪೀಠಿಕೆ ಅದಕ್ಕೆ ತಪ್ಪದೆ ಇರುತ್ತದೆ. ಅಡಿಟಿಪ್ಪಣಿಯಲ್ಲಿ ಮಾತ್ರ ಅಗಸ್ಟಿನರ ಯಾವ ಕೃತಿಯೂ ಇರುವುದಿಲ್ಲ. ಈಚಿನ ಯಾವುದೋ ಇಂಗ್ಲಿಷ್ ಪುಸ್ತಕದ ಪುಟಸಂಖ್ಯೆ ಇರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ.

ಇರುವುದು ಸಾಧ್ಯವೂ ಇಲ್ಲ. ಆ ಸೂತ್ರ ಅಗಸ್ಟಿನರ ಕೃತಿಗಳಲ್ಲಿ ದೊರೆಯುವುದಿಲ್ಲ. ಅವರು ನಿಧನರಾದದ್ದು 430ರಲ್ಲಿ. ಸೂತ್ರ ಕಾಣಿಸಿಕೊಳ್ಳುವುದು ಹದಿನೇಳನೆಯ ಶತಮಾನದಲ್ಲಿ. ರೋಮಿನ ಸಭೆಯನ್ನು ತೊರೆದು ಇಂಗ್ಲೆಂಡಿಗೆ ಹೋದ ಆರ್ಚ್‌ಬಿಷಪ್ ಮಾರ್ಕ್ ಆಂಟೋನಿಯೊ ದೆ ದೊಮಿನಿಸ್ 1617ರಲ್ಲಿ ಹೊರತಂದ ಗ್ರಂಥದಲ್ಲಿ ಅದು ಬರುತ್ತದೆ. ಸುಮಾರು ಹತ್ತು ವರ್ಷಗಳ ಬಳಿಕ ರೂಪರ್ಟಸ್ ಮೆಲ್ಡೇನಿಯಸ್ ಎಂಬ ಗುಪ್ತನಾಮದ ಲೂಥರನ್ ಬೋಧಕರು ತಮ್ಮ ಕಿರುಹೊತ್ತಗೆಯಲ್ಲಿ ಅದೇ ಭಾವವನ್ನು ಮತ್ತೆ ಹೇಳಿದರು.

ಹೆಸರು ತಪ್ಪಿದರೇನು, ಮಾತು ಒಳ್ಳೆಯದಲ್ಲವೇ ಎಂದು ಕೇಳುವವರುಂಟು. ಒಳ್ಳೆಯದು ಹೌದು. ಆದರೆ ಮೆಲ್ಡೇನಿಯಸ್ ಬರೆದದ್ದು ಮೂವತ್ತು ವರ್ಷಗಳ ಯುದ್ಧದ ನಡುವೆ, ತಮ್ಮತಮ್ಮಲ್ಲೇ ಕಾದಾಡುತ್ತಿದ್ದ ದೇವಶಾಸ್ತ್ರಿಗಳಿಗೆ. ಆ ಗಾಯವನ್ನು ಅಳಿಸಿದರೆ ಸೂತ್ರ ಬರಿಯ ಗೋಡೆಬರಹವಾಗುತ್ತದೆ. ಅಗಸ್ಟಿನರ ವಿಷಯದಲ್ಲಿ ಆಗುವ ಅನ್ಯಾಯ ಇನ್ನೂ ದೊಡ್ಡದು. ದೊನಾತಿಯರನ್ನು ಸಭೆಗೆ ಮರಳಿಸಲು ರಾಜಬಲವನ್ನು ಬಳಸಬಾರದೆಂದು ಮೊದಲು ನಂಬಿದ್ದ ಅವರು ಆಮೇಲೆ ಮನಸ್ಸು ಬದಲಿಸಿದರು. ಬದಲಿಸಿದ ಕಾರಣವನ್ನು 93ನೆಯ ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ವಿವರಿಸಿದರು. ಸಭೆಯ ಐಕ್ಯವನ್ನು ಕುರಿತು ಬರೆಯುವವನು ಎದುರಿಸಲೇಬೇಕಾದ ಅಗಸ್ಟಿನರು ಇವರು. ಸುಳ್ಳು ಉಲ್ಲೇಖ ಆ ಕಷ್ಟದ ಮನುಷ್ಯನನ್ನು ಮರೆಮಾಡಿ, ನಮಗೆ ಬೇಕಾದ ಸೌಮ್ಯನೊಬ್ಬನನ್ನು ಮುಂದೆ ನಿಲ್ಲಿಸುತ್ತದೆ.

ಆಕರವನ್ನು ತೆರೆದು ನೋಡುವ ಶಿಸ್ತು ಪಾಶ್ಚಾತ್ಯ ವಿಶ್ವವಿದ್ಯಾಲಯಗಳು ನಮ್ಮ ಮೇಲೆ ಹೇರಿದ ಹೊರೆಯೆಂಬ ಗೊಣಗಾಟವನ್ನೂ ಕೇಳಿದ್ದೇವೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಕರ್ತೃ (2:6) ‘ಎಲ್ಲಿಯೋ ಒಬ್ಬನು’ ಎಂಬರ್ಥದ ಮಾತಿನಿಂದಲೇ 8ನೆಯ ಕೀರ್ತನೆಯನ್ನು ಉದ್ಧರಿಸಲಿಲ್ಲವೇ ಎಂದು ಜಾಣ ವಿದ್ಯಾರ್ಥಿಗಳು ನಗುತ್ತಾರೆ. ನಾವೂ ನಕ್ಕಿದ್ದೇವೆ. ಆದರೆ ಸಭಾಪಿತೃಗಳು ಓದಿದ ರೀತಿಯನ್ನು ನೋಡಿರಿ. ಮತ್ತಾಯ 27:9ರಲ್ಲಿ ಮೂವತ್ತು ಬೆಳ್ಳಿ ನಾಣ್ಯಗಳ ಪ್ರವಾದನೆ ಯೆರೆಮೀಯನದೆಂದಿದೆ. ಅದಕ್ಕೆ ಸಮೀಪದ ವಚನಗಳಿರುವುದು ಜೆಕರ್ಯನ 11ನೆಯ ಅಧ್ಯಾಯದಲ್ಲಿ. ಒರಿಗೆನರು ಇದನ್ನು ಗಮನಿಸಿ, ಲಿಪಿಕಾರರ ತಪ್ಪಿರಬಹುದೇ ಎಂದು ಕೇಳಿದರು. ಅಗಸ್ಟಿನರು ಸುವಾರ್ತೆಗಳ ಸಾಮರಸ್ಯವನ್ನು ಕುರಿತ ಗ್ರಂಥದ 3ನೆಯ ಪುಸ್ತಕದಲ್ಲಿ ಹಸ್ತಪ್ರತಿಗಳನ್ನೇ ತೂಗಿದರು. ಕೆಲವು ಪ್ರತಿಗಳಲ್ಲಿ ಯೆರೆಮೀಯನ ಹೆಸರಿಲ್ಲವೆಂಬುದು ಅವರಿಗೆ ತಿಳಿದಿತ್ತು. ಅದನ್ನು ಹಿಡಿದುಕೊಂಡು ಸುಲಭವಾಗಿ ಪಾರಾಗಬಹುದಿತ್ತು. ಹೆಚ್ಚಿನ ಪ್ರತಿಗಳಲ್ಲಿ, ಹಳೆಯ ಗ್ರೀಕ್ ಪ್ರತಿಗಳಲ್ಲಿಯೂ, ಹೆಸರಿರುವುದರಿಂದ ಆ ದಾರಿಯನ್ನು ಅವರು ಒಲ್ಲೆನೆಂದರು. ಅವರು ಕೊನೆಗೆ ಕೊಟ್ಟ ಪರಿಹಾರ ಎಲ್ಲರಿಗೂ ಒಪ್ಪಿಗೆಯಾಗಲಾರದು. ತಮ್ಮ ವಾದಕ್ಕೆ ಅನುಕೂಲವಾದ ಸಾಕ್ಷಿಯನ್ನು ಬಿಟ್ಟುಕೊಟ್ಟ ಆ ನಿಷ್ಠೆ ನಮ್ಮ ಎಷ್ಟು ಪ್ರಬಂಧಗಳಲ್ಲಿದೆ?

ಉಲ್ಲೇಖದ ಕ್ರಮವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಅಲ್ಪವಿರಾಮ ಎಲ್ಲಿ ಬೀಳಬೇಕೆಂಬುದನ್ನು ಆಯಾ ಕಾಲೇಜಿನ ಕೈಪಿಡಿ ಹೇಳುತ್ತದೆ. ಪಿತೃಗಳ ಕೃತಿಗಳನ್ನು ಅನುವಾದದ ಪುಟದಿಂದಲ್ಲ, ಪುಸ್ತಕ, ಅಧ್ಯಾಯ, ಖಂಡಗಳಿಂದ ಸೂಚಿಸಬೇಕು. ‘ಕನ್‌ಫೆಷನ್ಸ್’ 8.12.29 ಎಂದರೆ ಯಾವ ಭಾಷೆಯ ಯಾವ ಮುದ್ರಣದಲ್ಲಿಯೂ ತೋಟದಲ್ಲಿ ಕೇಳಿಬಂದ ಆ ಮಗುವಿನ ದನಿಯ ಬಳಿಗೇ ಹೋಗುತ್ತೇವೆ. ಸತ್ಯವೇದದ ಯಾವ ಭಾಷಾಂತರವೆಂಬುದನ್ನು ಒಮ್ಮೆಯಾದರೂ ತಿಳಿಸಬೇಕು. ಅಗಸ್ಟಿನರ ಕೀರ್ತನೆಗಳ ಎಣಿಕೆ ಗ್ರೀಕ್ ಭಾಷಾಂತರದ್ದು. ನಮ್ಮ 23ನೆಯ ಕೀರ್ತನೆ ಅವರಲ್ಲಿ 22ನೆಯದು. ಪ್ರಬಂಧದಲ್ಲಿ ಸಂಖ್ಯೆಯೊಂದು, ವಚನವೊಂದು ಇದ್ದರೆ ವಿದ್ಯಾರ್ಥಿ ಮೂಲವನ್ನು ತೆರೆದಿಲ್ಲವೆಂದು ನಾವು ಸಂದೇಹಪಡುತ್ತೇವೆ. (ಕದಿಯಬಾರದೆಂಬ ಆಜ್ಞೆಯೇ ಕ್ಯಾಥೊಲಿಕರಿಗೂ ಲೂಥರನರಿಗೂ ಏಳನೆಯದು, ಇತರ ಹಲವರಿಗೆ ಎಂಟನೆಯದು. ಅದನ್ನು ಉಲ್ಲೇಖಿಸುವಾಗಲೂ ಎಚ್ಚರ ಬೇಕು.)

ಕದ್ದ ಪುಟಗಳಿಗಿಂತ ನಮ್ಮನ್ನು ಹೆಚ್ಚು ಕಾಡುವುದು ಎರವಲು ಅಡಿಟಿಪ್ಪಣಿ. ಇನ್ನೊಬ್ಬರ ಪುಸ್ತಕದಲ್ಲಿ ಕಂಡ ಲ್ಯಾಟಿನ್ ಆಕರವನ್ನು ತಾನೇ ಓದಿದಂತೆ ಇಳಿಸಿಕೊಳ್ಳುವುದು ಅದು. ಇದು ನಿಯಮದ ತಪ್ಪಲ್ಲ, ಸುಳ್ಳುಸಾಕ್ಷಿ. ಇದರಲ್ಲಿ ಮಾರ್ಗದರ್ಶಕರ ಪಾಲೂ ಇದೆ. ಅಡಿಟಿಪ್ಪಣಿಗಳನ್ನು ಎಣಿಸುತ್ತೇವೆ, ಒಂದನ್ನೂ ತೆರೆದು ನೋಡುವುದಿಲ್ಲ. ಹಿಂದೊಮ್ಮೆ ನಮ್ಮ ಮುಂದೆ ಬಂದ ಪ್ರಬಂಧವೊಂದರಲ್ಲಿ ವಿದ್ಯಾರ್ಥಿ, ಈ ಪತ್ರದ ಮೂಲ ತನಗೆ ದೊರೆಯಲಿಲ್ಲ, ಇಂಥವರ ಗ್ರಂಥದ ಮೂಲಕ ಮಾತ್ರ ತಿಳಿದೆನು ಎಂದು ಬರೆದಿದ್ದನು. ಪರೀಕ್ಷಕರು ಅದನ್ನು ಸಿದ್ಧತೆಯ ಕೊರತೆಯೆಂದು ಎಣಿಸಿ ಅಂಕ ಕಳೆದರು. ಇಡೀ ಪ್ರಬಂಧದಲ್ಲಿ ನಾವು ಮರುಮಾತಿಲ್ಲದೆ ನಂಬಿದ ಅಡಿಟಿಪ್ಪಣಿ ಅದೊಂದೇ ಆಗಿತ್ತು.